ಕಾರಂತರ ಉಯಿಲು, ಯಂತ್ರದ ಓದು

2001ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಯಕ್ಷಗಾನದ ಒಂದು ಪ್ರದರ್ಶನ ನಡೆಯಿತು. ಆಡಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯ ಬಯಲುಗಳಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಕ್ಕ ರಾತ್ರಿಗಳಿಗೆ ಲೆಕ್ಕ ಇಟ್ಟವರಿಲ್ಲ. ಅದಕ್ಕಾಗಿ ಯಾರೂ ಯಾರ ಅಪ್ಪಣೆಯನ್ನೂ ಕೇಳುವ ಪ್ರಮೇಯ ಬಂದಿರಲಿಲ್ಲ. ದೆಹಲಿಯ ಆ ಒಂದು ಆಟ ಮಾತ್ರ ಉಡುಪಿಯ ಜಿಲ್ಲಾ ನ್ಯಾಯಾಲಯ ಹತ್ತಿತು, ಅಲ್ಲಿಂದ ಹೈಕೋರ್ಟಿಗೆ ಹೋಯಿತು, ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಅದು ಶಿವರಾಮ ಕಾರಂತರು ಹೊಸದಾಗಿ ಕಟ್ಟಿದ ‘ಯಕ್ಷರಂಗ’ದ ಅಭಿಮನ್ಯು, ಅದರ ಹಕ್ಕು ತನ್ನದು ಎಂದು ಹೇಳಲು ಒಬ್ಬರ ಕೈಯಲ್ಲಿ ಕಾಗದವಿತ್ತು.

ಕೃತಕ ಬುದ್ಧಿಮತ್ತೆಯ ಕಂಪನಿಗಳು ಲೋಕದ ಪುಸ್ತಕಗಳನ್ನೆಲ್ಲ ಓದಿ ಯಂತ್ರಕ್ಕೆ ಮಾತು ಕಲಿಸಿವೆ, ಬರೆದವರಿಗೆ ಒಂದು ಮಾತೂ ತಿಳಿಸಿಲ್ಲ ಎಂಬ ತಕರಾರು ಈಗ ದೇಶದೇಶಗಳ ನ್ಯಾಯಾಲಯಗಳಲ್ಲಿದೆ. ಕನ್ನಡದ ಬರಹಗಾರರಿಗೆ ಇದು ಅಮೆರಿಕದ ಸುದ್ದಿಯಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಬರೆದದ್ದು ಯಾರದು, ಅದನ್ನು ಯಾರು ಪ್ರತಿ ಮಾಡಬಹುದು, ಮಾಡಿದರೆ ಯಾರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಗೆ ಈ ಕರಾವಳಿಯಲ್ಲಿ ನಾಲ್ಕು ನೂರು ವರ್ಷದ ಚರಿತ್ರೆ ಇದೆ.

ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಸಂಗೀತಪುರವೆಂದು ಹೆಸರಿದ್ದ ಕಾಲ. ಅಲ್ಲಿಯ ಜೈನಮಠದ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದು ಮುಗಿಸಿದ. ಸಂಸ್ಕೃತ ಸೂತ್ರಗಳಲ್ಲಿ ಕಟ್ಟಿದ ಕನ್ನಡ ವ್ಯಾಕರಣ ಅದು, 592 ಸೂತ್ರಗಳು. ಪ್ರತಿ ನಿಯಮಕ್ಕೂ ಹಳೆಯ ಕನ್ನಡ ಕಾವ್ಯಗಳಿಂದ ಉದಾಹರಣೆ ಎತ್ತಿ ಕೊಟ್ಟಿದ್ದಾನೆ. ಕನ್ನಡ ಶಾಸ್ತ್ರಕ್ಕೆ ಒದಗುವ ಭಾಷೆಯೇ ಅಲ್ಲ ಎನ್ನುವವರಿಗೆ ಉತ್ತರ ಕೊಡುತ್ತ, ತತ್ತ್ವಾರ್ಥ ಮಹಾಶಾಸ್ತ್ರಕ್ಕೆ 96,000 ಗ್ರಂಥ ಪ್ರಮಾಣದ ‘ಚೂಡಾಮಣಿ’ ಎಂಬ ಕನ್ನಡ ವ್ಯಾಖ್ಯಾನವೇ ಇದೆಯಲ್ಲ ಎಂದು ತೋರಿಸುತ್ತಾನೆ. ಆ ಚೂಡಾಮಣಿ ಇಂದು ಎಲ್ಲೂ ಇಲ್ಲ. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡಿದವನು ಕಳ್ಳನಾಗಿರಲಿಲ್ಲ, ಉಳಿಸಿದವನಾಗಿದ್ದ. ಯಾರೂ ಪ್ರತಿ ಮಾಡದ ಗ್ರಂಥ ಗೆದ್ದಲಿಗೆ ಹೋಯಿತು. ಭಟ್ಟಾಕಳಂಕನ ವ್ಯಾಕರಣ ಮಾತ್ರ ಕೈಯಿಂದ ಕೈಗೆ ದಾಟಿ ಬಂದು, 1890ರಲ್ಲಿ ಬಿ. ಎಲ್. ರೈಸ್ ಸಂಪಾದನೆಯಲ್ಲಿ ಅಚ್ಚಾಯಿತು.

ಯಕ್ಷಗಾನದ ಪ್ರಸಂಗಗಳೂ ಹಾಗೆಯೇ ಉಳಿದವು. ಭಾಗವತನಾಗುವ ಹುಡುಗ ಗುರುವಿನ ಮನೆಯಲ್ಲಿ ಕೂತು ಪ್ರಸಂಗವನ್ನು ಬರೆದುಕೊಳ್ಳುತ್ತಿದ್ದ. ಬರೆದುಕೊಂಡದ್ದು ಅವನ ಜೀವಮಾನದ ಬಂಡವಾಳ. ಕವಿ ತನ್ನ ಊರಿನ ದೇವರ ಹೆಸರನ್ನು ಪದ್ಯದಲ್ಲಿ ಇಟ್ಟಿರುತ್ತಿದ್ದ, ಅಷ್ಟೇ ಅವನ ಗುರುತು. ಕೆಲವರಿಗೆ ಅದೂ ಬೇಡವಾಗಿತ್ತು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಪ್ರಸಂಗಗಳನ್ನು ಬರೆದ ನಂದಳಿಕೆಯ ಮುದ್ದಣ ತನ್ನ ರಾಮಾಯಣ ಕೃತಿಗಳನ್ನು ಯಾರೋ ಪ್ರಾಚೀನ ಕವಿಯ ಹಸ್ತಪ್ರತಿ ಎಂದು ಹೇಳಿ ಮೈಸೂರಿಗೆ ಕಳಿಸಿ ಅಚ್ಚುಮಾಡಿಸಿದ. ನಿಜ ಗೊತ್ತಾಗುವ ಹೊತ್ತಿಗೆ ಅವನಿರಲಿಲ್ಲ. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯ ಅವನನ್ನು ಕೊಂಡೊಯ್ದಿತ್ತು. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಬಡವ, ಕನ್ನಡದ ಅತ್ಯುತ್ತಮ ಗದ್ಯಗಳಲ್ಲಿ ಒಂದನ್ನು ಬರೆದು ಅದು ತನ್ನದೆಂದು ಹೇಳಿಕೊಳ್ಳದೆ ಹೋದ. ಇದನ್ನು ಓದಿದಾಗಲೆಲ್ಲ ನನಗೆ ಅವನ ವಿನಯಕ್ಕಿಂತ ಅವನ ಒಂಟಿತನ ಹೆಚ್ಚು ಕಾಡುತ್ತದೆ.

ಅಚ್ಚುಕೂಟ ಬಂದ ಮೇಲೆ ಸಂಗತಿ ಬದಲಾಯಿತು. 1847ರಲ್ಲೇ ಕಂಪನಿ ಸರ್ಕಾರ ಈ ದೇಶಕ್ಕೆ ಒಂದು ಕೃತಿಸ್ವಾಮ್ಯ ಕಾಯಿದೆ ಮಾಡಿತ್ತು. 1867ರ ಕಾಯಿದೆ ಅಚ್ಚಾದ ಪ್ರತಿ ಪುಸ್ತಕವನ್ನೂ ಸರ್ಕಾರದ ದಫ್ತರದಲ್ಲಿ ನಮೂದಿಸಬೇಕೆಂದಿತು. ಹೊನ್ನಾವರ ತಾಲೂಕಿನ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಹೊರತಂದದ್ದು ಈ ಹೊಸ ವ್ಯವಸ್ಥೆಯೊಳಗೆ. ಹೆಣ್ಣುಮಕ್ಕಳನ್ನು ಹಣಕ್ಕೆ ಮದುವೆ ಮಾಡಿಕೊಡುವ ಪದ್ಧತಿಯ ಮೇಲೆ ಬರೆದ ಈ ನಾಟಕವನ್ನು ಕನ್ನಡದ ಮೊದಲ ಸಾಮಾಜಿಕ ನಾಟಕವೆನ್ನುತ್ತಾರೆ. ಹವ್ಯಕ ಮನೆಗಳ ಮಾತನ್ನು ಅದು ಹಾಗೆಯೇ ಎತ್ತಿಕೊಂಡು ರಂಗಕ್ಕೆ ತಂದಿತು. ಆ ಮಾತುಗಳು ಯಾರೊಬ್ಬರವೂ ಅಲ್ಲ. ನಾಟಕ ಮಾತ್ರ ಶಾಸ್ತ್ರಿಗಳದು. ಕೃತಿಸ್ವಾಮ್ಯದ ತಿರುಳು ಇಷ್ಟರಲ್ಲೇ ಇದೆ: ಭಾಷೆ, ಕಥೆ, ಶೈಲಿ ಎಲ್ಲರದು, ಒಬ್ಬ ಅದರಿಂದ ಕಡೆದು ನಿಲ್ಲಿಸಿದ ರೂಪ ಅವನದು.

ಪ್ರಸಂಗ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಈ ಗೆರೆ ಎಷ್ಟು ಸೂಕ್ಷ್ಮ ಎಂಬುದು ಗೊತ್ತು. ತೆಳ್ಳಗಿನ ಪುಸ್ತಕ, ಪ್ರತಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು, ಕೆಳಗೆ ಪದ್ಯ. ಅರ್ಥದ ಮಾತಿಲ್ಲ, ಕುಣಿತವಿಲ್ಲ, ವೇಷದ ವಿವರವಿಲ್ಲ. ಅಂಚಿನಲ್ಲಿ ಭಾಗವತರು ಪೆನ್ಸಿಲ್ಲಿನಲ್ಲಿ ಹಾಕಿಕೊಂಡ ಗುರುತುಗಳು: ಈ ಪದ್ಯ ಬಿಡುವುದು, ಇಲ್ಲಿ ಏರುಪದ, ಇಲ್ಲಿಂದ ತ್ವರಿತ. ಇಡೀ ರಾತ್ರಿಯ ಆಟ ಆ ಪುಸ್ತಕದಿಂದ ಹೊರಗೇ ಇರುತ್ತದೆ, ಮೇಳದ ನಡೆಯಲ್ಲಿ, ಕಲಾವಿದನ ಮೈಯಲ್ಲಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳ, ಅವರ ಮಗ ಶಂಭು ಹೆಗಡೆಯವರ ಪಾತ್ರಗಳು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಹೆಜ್ಜೆ: ಇವು ಯಾವುವೂ ಪುಸ್ತಕದ ಪುಟದಲ್ಲಿಲ್ಲ. ಹಾಗಿದ್ದಮೇಲೆ ಕಾಯಿದೆ ಏನನ್ನು ಕಾಯುತ್ತದೆ, ಪುಸ್ತಕವನ್ನೋ ಆಟವನ್ನೋ?

ಕಾರಂತರ ಯಕ್ಷರಂಗದ ಮೇಲಿನ ದಾವೆ ಎತ್ತಿದ ಪ್ರಶ್ನೆ ಇದೇ.

ಕೋಟದಲ್ಲಿ 1902ರಲ್ಲಿ ಹುಟ್ಟಿದ ಕಾರಂತರು ಹಳೆಯ ಪ್ರಸಂಗಗಳ ಓಲೆಗರಿ ಹುಡುಕುತ್ತ ಊರೂರು ತಿರುಗಿದವರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ಉಡುಪಿಯ ಎಂಜಿಎಂ ಕಾಲೇಜಿನ ಯಕ್ಷಗಾನ ಕೇಂದ್ರದಲ್ಲಿ ಅವರು ಯಕ್ಷರಂಗವನ್ನು ರೂಪಿಸಿದರು. ಇಡೀ ರಾತ್ರಿಯ ಆಟ ಕೆಲವೇ ಗಂಟೆಗಳಿಗೆ ಇಳಿಯಿತು, ಮಾತು ಹಿಂದೆ ಸರಿದು ಕುಣಿತ ಮುಂದೆ ಬಂತು, ಪಿಟೀಲು ಮತ್ತು ಸ್ಯಾಕ್ಸೊಫೋನ್ ಹಿಮ್ಮೇಳಕ್ಕೆ ಸೇರಿದವು. ಸಾಂಪ್ರದಾಯಿಕ ಕಲಾವಿದರಲ್ಲಿ ಹಲವರು ಇದನ್ನು ಒಪ್ಪಲಿಲ್ಲ. ಕನ್ನಡ ಬಾರದ ನಾಡುಗಳ ಪ್ರೇಕ್ಷಕರು ಮಾತ್ರ ಯಕ್ಷಗಾನದ ಸೊಗಸನ್ನು ಈ ರೂಪದಲ್ಲಿ ಕಂಡರು. ನಮ್ಮ ಜಿಲ್ಲೆಗೂ ಕಾರಂತರು ದೂರದವರಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಅವರು ಲೋಕಸಭೆಗೆ ನಿಂತದ್ದು ಉತ್ತರ ಕನ್ನಡದಿಂದಲೇ. ಎಂಬತ್ತೇಳರ ಪ್ರಾಯದಲ್ಲಿ ಸೋತರು, ಹಿಂದೆ ಸರಿಯಲಿಲ್ಲ.

1994ರ ಜೂನ್ 18ರಂದು ಕಾರಂತರು ಉಯಿಲು ಬರೆದರು. ತಮ್ಮ ಸಾಹಿತ್ಯ ಕೃತಿಗಳ ಹಕ್ಕು, ಗೌರವಧನ, ಮರುಮುದ್ರಣದ ಅಧಿಕಾರ ಎಲ್ಲವೂ ತಮ್ಮ ಕೆಲಸಗಳಲ್ಲಿ ಜೊತೆಗಿದ್ದ ಬಿ. ಮಾಲಿನಿ ಮಲ್ಯ ಅವರಿಗೆ ಸೇರತಕ್ಕದ್ದು ಎಂದರು. ಬೇರೆ ಕಡೆ ಹೇಳದೆ ಉಳಿದದ್ದೂ ಅವರಿಗೇ ಎಂಬ ಇನ್ನೊಂದು ಕಲಮನ್ನೂ ಸೇರಿಸಿದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ನಾಲ್ಕು ವರ್ಷದೊಳಗೆ ದೆಹಲಿಯ ಪ್ರದರ್ಶನ, ಅದರ ಹಿಂದೆ ದಾವೆ. ‘ಭೀಷ್ಮ ವಿಜಯ’, ‘ನಳ ದಮಯಂತಿ’, ‘ಕನಕಾಂಗಿ’, ‘ಪಂಚವಟಿ’, ‘ಅಭಿಮನ್ಯು ವಧೆ’ ಸೇರಿ ಏಳು ಪ್ರಸಂಗಗಳ ಮೇಲೂ, ರಾಗ, ತಾಳ, ವೇಷಭೂಷಣ, ರಂಗಸಜ್ಜಿಕೆಯಲ್ಲಿ ಕಾರಂತರು ತಂದ ಮಾರ್ಪಾಡುಗಳ ಮೇಲೂ ಹಕ್ಕು ತಮ್ಮದೆಂದು ಮಾಲಿನಿ ಮಲ್ಯ ಕೇಳಿದರು. ಕಾರಂತರು ನಮ್ಮ ಕೇಂದ್ರದ ನಿರ್ದೇಶಕರಾಗಿದ್ದರು, ಈ ಕೆಲಸ ನಮ್ಮ ಆಶ್ರಯದಲ್ಲಿ, ನಮ್ಮ ಖರ್ಚಿನಲ್ಲಿ ಆದದ್ದು ಎಂಬುದು ಮಣಿಪಾಲದ ಸಂಸ್ಥೆಯ ವಾದ.

ಸಂಸ್ಥೆಯ ವಾದ ಹುರುಳಿಲ್ಲದ್ದೇನಲ್ಲ. ಕಲಾವಿದರನ್ನು ಸಾಕಿ, ರಂಗ ಒದಗಿಸಿ, ತಂಡವನ್ನು ದೇಶವಿದೇಶಕ್ಕೆ ಕಳಿಸಿದ ಸಂಸ್ಥೆ ಅದು. ಆದರೂ ಉಡುಪಿಯ ನ್ಯಾಯಾಲಯ 2003ರ ನವೆಂಬರ್ 14ರಂದು ಮಾಲಿನಿ ಮಲ್ಯ ಅವರ ಪರವಾಗಿ ತೀರ್ಪಿತ್ತಿತು. 2007ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2009ರ ಜನವರಿ 23ರಂದು ನ್ಯಾಯಮೂರ್ತಿ ಎಸ್. ಬಿ. ಸಿನ್ಹಾ ಇದ್ದ ಸುಪ್ರೀಂ ಕೋರ್ಟ್ ಪೀಠ ವಿಷಯವನ್ನು ಬಿಡಿಸಿ ನೋಡಿತು. ಪ್ರಸಂಗದ ಪದ್ಯ ಸಾಹಿತ್ಯ ಕೃತಿ. ಕುಣಿತ, ರಂಗವಿನ್ಯಾಸ ಒಳಗೊಂಡ ಆಟ ನಾಟ್ಯ ಕೃತಿ. ಕಾಯಿದೆಯ ಕಣ್ಣಿನಲ್ಲಿ ಇವೆರಡೂ ಬೇರೆ ಬೇರೆ ಆಸ್ತಿ. ಉಯಿಲಿನ ಒಂದು ಕಲಮಿನಿಂದ ಮೊದಲನೆಯದು ಬಂದರೆ, ಉಳಿದದ್ದೆಲ್ಲ ಎಂಬ ಕಲಮಿನಿಂದ ಎರಡನೆಯದು ಬಂತು. ಎರಡೂ ಮಾಲಿನಿ ಮಲ್ಯ ಅವರವೇ.

ಆದರೆ ಪೀಠ ಅಲ್ಲಿಗೆ ನಿಲ್ಲಿಸಲಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮನ್ನು ಎತ್ತಿಕೊಂಡು ತಡೆಯಾಜ್ಞೆಯ ಹರವನ್ನು ಕಿರಿದು ಮಾಡಿತು. ಖಾಸಗಿ ಅಧ್ಯಯನ, ಸಂಶೋಧನೆ, ವಿಮರ್ಶೆಗಾಗಿ ಬಳಸಿದರೆ ತಡೆ ಇಲ್ಲ. ವಿದ್ಯಾಸಂಸ್ಥೆ ತನ್ನ ಮಕ್ಕಳಿಂದ, ತನ್ನವರ ಮುಂದೆ, ಕಾಯಿದೆ ಹೇಳಿದ ಮಿತಿಯೊಳಗೆ ಆಡಿಸಿದರೆ ತಡೆ ಇಲ್ಲ. ಹವ್ಯಾಸಿ ಸಂಘ ದುಡ್ಡು ಪಡೆಯದೆ ಆಡಿ ತೋರಿಸಿದರೂ ತಡೆ ಇಲ್ಲ. ಕಲಿಯುವವನಿಗೆ ಬಾಗಿಲು ತೆರೆದಿಟ್ಟು, ಗಳಿಸುವವನು ಕೇಳಿಕೊಂಡು ಬರಲಿ ಎಂದ ತೀರ್ಪು. ನಮ್ಮ ಕರಾವಳಿಯ ಹಳೆಯ ನಡವಳಿಕೆಗೂ ಕಾಯಿದೆಗೂ ಇಷ್ಟು ಚೆನ್ನಾಗಿ ಹೊಂದಿಕೆಯಾದದ್ದು ಬೇರೆಲ್ಲೂ ನನಗೆ ಕಂಡಿಲ್ಲ.

ಯಂತ್ರದ ಕಥೆ ಈ 52ನೇ ಕಲಮಿಗೇ ಬಂದು ನಿಂತಿದೆ.

2022ರ ನವೆಂಬರ್ 30ರಂದು ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯನ್ನು ಬಿಡುಗಡೆ ಮಾಡಿತು. ಇಂಥ ಯಂತ್ರಗಳು ಕೋಟ್ಯಂತರ ಪುಟಗಳ ಬರಹವನ್ನು ತುಣುಕು ತುಣುಕಾಗಿ ಒಡೆದು, ಯಾವ ತುಣುಕಿನ ಮುಂದೆ ಯಾವುದು ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ಕಲಿಯುತ್ತವೆ. ಒಳ್ಳೆಯ ಬರಹ ಸಿಕ್ಕಷ್ಟೂ ಮಾತು ಹದಗೊಳ್ಳುತ್ತದೆ, ಪುಸ್ತಕಗಳಿಗೆ ಬೇಡಿಕೆ ಬಂದದ್ದು ಅದಕ್ಕೇ. 2024ರ ನವೆಂಬರಿನಲ್ಲಿ ಸುದ್ದಿಸಂಸ್ಥೆ ಎಎನ್‌ಐ ದೆಹಲಿ ಹೈಕೋರ್ಟಿನಲ್ಲಿ ಓಪನ್‌ಎಐ ಮೇಲೆ ದಾವೆ ಹೂಡಿತು. ಭಾರತೀಯ ಪ್ರಕಾಶಕರ ಒಕ್ಕೂಟ 2025ರ ಆರಂಭದಲ್ಲಿ ತನ್ನನ್ನೂ ಸೇರಿಸಿಕೊಳ್ಳಿ ಎಂದು ಹೋಯಿತು. ಅಲ್ಲಿ ವಾದದ ನಡುವಿಗೆ ಬಂದು ಕೂತದ್ದು 52ನೇ ಕಲಮು: ಕಂಪನಿಯ ಯಂತ್ರ ಮಾಡುವುದು ನ್ಯಾಯವಾದ ಬಳಕೆಯೇ, ಸಂಶೋಧನೆಯೇ? ಉಡುಪಿಯ ಕಾಲೇಜು ಹುಡುಗನಿಗೆ ಬಾಗಿಲು ತೆರೆದಿಟ್ಟ ಕಲಮಿನಲ್ಲಿ ಸಾವಿರಾರು ಕೋಟಿಯ ಕಂಪನಿಯೂ ಒಳಗೆ ಬರಬಹುದೇ?

ಮುರ್ಡೇಶ್ವರದಲ್ಲಿ ನಿಂತು ಯೋಚಿಸಿದರೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂದುಕಗಿರಿಯ ಮೇಲಿನ 123 ಅಡಿಯ ಶಿವನ ಪ್ರತಿಮೆಯನ್ನು ಶಿವಮೊಗ್ಗದ ಶಿಲ್ಪಿ ಕಾಶೀನಾಥ್ ಮತ್ತು ಅವರ ತಂಡ ಕಟ್ಟಿತು. ದಿನವೂ ಅದರ ಎಷ್ಟು ಫೋಟೋ ತೆಗೆಯುತ್ತಾರೋ! ಶಿಲ್ಪಿಯ ಒಪ್ಪಿಗೆ ಬೇಕಿಲ್ಲ, ಏಕೆಂದರೆ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಚಿತ್ರ ಬರೆಯುವುದು, ಫೋಟೋ ತೆಗೆಯುವುದು ತಪ್ಪಲ್ಲವೆಂದು ಅದೇ 52ನೇ ಕಲಮು ಹೇಳುತ್ತದೆ. ಯಾತ್ರಿಕನನ್ನೂ ಚಿತ್ರಕಾರನನ್ನೂ ಮನಸ್ಸಿನಲ್ಲಿಟ್ಟು ಬರೆದ ವಿನಾಯಿತಿ ಅದು. ಅವರು ತೆಗೆದ ಅಷ್ಟೂ ಫೋಟೋಗಳನ್ನು ಒಟ್ಟು ಮಾಡಿ, ಫೋಟೋಗ್ರಾಫರನಿಗೂ ಶಿಲ್ಪಿಗೂ ಹೇಳದೆ, ಚಿತ್ರ ಮಾರುವ ಯಂತ್ರಕ್ಕೆ ಉಣಿಸುವವರು ಬರುತ್ತಾರೆಂದು 1957ರಲ್ಲಿ ಯಾರು ಊಹಿಸಿದ್ದರು?

ಅಮೆರಿಕದಲ್ಲಿ ಒಂದು ಉತ್ತರ ಸಿಕ್ಕಿತು, ಅರ್ಧ ಉತ್ತರ. ಕೃತಕ ಬುದ್ಧಿಮತ್ತೆಯ ಆಂತ್ರೊಪಿಕ್ ಕಂಪನಿಯ ಮೇಲೆ ಮೂವರು ಲೇಖಕರು 2024ರಲ್ಲಿ ಹೂಡಿದ ದಾವೆಯಲ್ಲಿ, 2025ರ ಜೂನ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಎರಡು ಮಾತು ಹೇಳಿದರು. ಪುಸ್ತಕಗಳಿಂದ ಯಂತ್ರಕ್ಕೆ ಕಲಿಸುವುದು ಅಲ್ಲಿಯ ಕಾನೂನಿನಂತೆ ನ್ಯಾಯವಾದ ಬಳಕೆ. ಆದರೆ ಕಳ್ಳ ಜಾಲತಾಣಗಳಿಂದ 70 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಇಳಿಸಿ ಭಂಡಾರ ಮಾಡಿ ಇಟ್ಟುಕೊಂಡದ್ದು ಹಾಗಲ್ಲ. ಆ ಎರಡನೆಯ ಮಾತಿನ ಮೇಲೆ ರಾಜಿಯಾಯಿತು: 150 ಕೋಟಿ ಡಾಲರ್, ಸುಮಾರು ಐದು ಲಕ್ಷ ಪುಸ್ತಕಗಳಿಗೆ, ಪುಸ್ತಕವೊಂದಕ್ಕೆ ಹತ್ತಿರ ಹತ್ತಿರ 3,000 ಡಾಲರ್. ಮೊತ್ತಕ್ಕಿಂತ ಅದರ ಷರತ್ತನ್ನು ನಾವು ಗಮನವಿಟ್ಟು ಓದಬೇಕು. ಪುಸ್ತಕಕ್ಕೆ ಐಎಸ್‌ಬಿಎನ್ ಅಥವಾ ಅಂಥದೇ ಸಂಖ್ಯೆ ಇರಬೇಕು, ಅಮೆರಿಕದ ಕೃತಿಸ್ವಾಮ್ಯ ಕಚೇರಿಯಲ್ಲಿ ಹೊತ್ತಿಗೆ ಸರಿಯಾಗಿ ನೋಂದಣಿಯಾಗಿರಬೇಕು. ಕಾಗದ ಸರಿಯಿದ್ದವನಿಗೆ ಹಣ, ಇಲ್ಲದವನಿಗೆ ಇಲ್ಲ.

ಪರವಾನಗಿಯ ವ್ಯಾಪಾರವೂ ಶುರುವಾಗಿದೆ. 2024ರಲ್ಲಿ ಪ್ರಕಾಶನ ಸಂಸ್ಥೆ ಹಾರ್ಪರ್‌ಕಾಲಿನ್ಸ್ ತನ್ನ ಕೆಲವು ಲೇಖಕರಿಗೆ ಕಾಗದ ಬರೆದು, ಮೂರು ವರ್ಷದ ಮಟ್ಟಿಗೆ ನಿಮ್ಮ ಪುಸ್ತಕವನ್ನು ಯಂತ್ರಕ್ಕೆ ಕೊಡಲೇ, ಕೊಟ್ಟರೆ ನಿಮಗೆ 2,500 ಡಾಲರ್ ಎಂದು ಕೇಳಿತು. ಒಲ್ಲೆ ಎಂದವರನ್ನು ಬಿಟ್ಟಿತು. ಅದೇ ವರ್ಷ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನದ ಒಡೆಯ ಸಂಸ್ಥೆ ಇನ್ಫಾರ್ಮಾ ಒಂದು ಕೋಟಿ ಡಾಲರಿಗೂ ಮೀರಿದ ಒಪ್ಪಂದವನ್ನು ಮೈಕ್ರೋಸಾಫ್ಟ್ ಜೊತೆ ಮಾಡಿಕೊಂಡಾಗ, ನಮ್ಮನ್ನು ಕೇಳಲೇ ಇಲ್ಲ ಎಂದು ಅಲ್ಲಿಯ ವಿದ್ವಾಂಸರು ದೂರಿದರು. ಕೇಳಿ ಕೊಟ್ಟದ್ದಕ್ಕೂ ಕೇಳದೆ ಕೊಟ್ಟದ್ದಕ್ಕೂ ಇರುವ ಅಂತರ ಹಣದಲ್ಲಿ ಅಳೆಯುವಂಥದಲ್ಲ.

ನಮ್ಮ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ನೇಮಿಸಿದ ಸಮಿತಿ 2025ರ ಡಿಸೆಂಬರಿನಲ್ಲಿ ತನ್ನ ಮೊದಲ ಕರಡು ಪತ್ರ ಹೊರಡಿಸಿತು. ಕಾನೂನುಬದ್ಧವಾಗಿ ಸಿಕ್ಕ ಎಲ್ಲ ಕೃತಿಗಳನ್ನೂ ಯಂತ್ರಕ್ಕೆ ಕಲಿಸಲು ಬಳಸಬಹುದು, ಅದಕ್ಕೆ ಕಡ್ಡಾಯ ಪರವಾನಗಿ ಇರಲಿ. ಕಂಪನಿಗಳು ಗಳಿಕೆಯಲ್ಲಿ ಪಾಲು ಕೊಡಲಿ, ಒಂದು ಕೇಂದ್ರ ಸಂಸ್ಥೆ ಅದನ್ನು ಸಂಗ್ರಹಿಸಿ ಹಂಚಲಿ ಎಂಬುದು ಅದರ ಸಲಹೆ. ಬರೆದವನು ಬೇಡ ಎನ್ನುವಂತಿಲ್ಲ. ಸಾವಿರ ಪ್ರತಿ ಅಚ್ಚುಹಾಕುವ ಕನ್ನಡ ಪ್ರಕಾಶಕ ಕ್ಯಾಲಿಫೋರ್ನಿಯಾದ ಕಂಪನಿಯೊಡನೆ ಚೌಕಾಶಿಗೆ ಕೂರಲಾರ. ಆ ಮಟ್ಟಿಗೆ ಈ ಸಲಹೆಯಿಂದ ಸಣ್ಣವರಿಗೆ ಪ್ರಯೋಜನವಿದೆ. ಆದರೆ ಬದುಕಿರುವ ಲೇಖಕನಿಂದ ‘ಬೇಡ’ ಎನ್ನುವ ಹಕ್ಕನ್ನು ಕಿತ್ತುಕೊಳ್ಳುವುದು ಅನ್ಯಾಯ ಎಂದೇ ನಾನು ತಿಳಿಯುತ್ತೇನೆ.

ಕನ್ನಡದಲ್ಲಿ ಮನಸಾರೆ ಕೊಟ್ಟವರೂ ಇದ್ದಾರೆ. ನಿರಂಜನರ ಕೃತಿಗಳನ್ನು ಮಗಳು ತೇಜಸ್ವಿನಿ ನಿರಂಜನ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶವನ್ನು ಹಾಗೆಯೇ ತೆರೆಯಿತು. ಹಳೆಯ ಪ್ರಸಂಗ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪದ್ಯ ಪದ್ಯ ಬೆರಳಚ್ಚಿಸಿ ಎಲ್ಲರಿಗೂ ಸಿಗುವಂತೆ ಮಾಡುತ್ತಿರುವ ಯಕ್ಷವಾಹಿನಿಯ ಕಾರ್ಯಕರ್ತರು ಓಲೆಗರಿ ಪ್ರತಿಕಾರರ ವಂಶದವರು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಬರೆದವನ ಹೆಸರು ಹೇಳಬೇಕು ಎಂಬುದು ಒಂದು ದೊಡ್ಡ ಷರತ್ತು. ಯಂತ್ರ ಉತ್ತರ ಕೊಡುವಾಗ ಆ ಹೆಸರೇ ಮೊದಲು ಉದುರಿ ಹೋಗುವುದು ನನಗೆ ಹಣಕ್ಕಿಂತ ದೊಡ್ಡ ನಷ್ಟವಾಗಿ ತೋರುತ್ತದೆ. ಮುದ್ದಣ ತನ್ನ ಹೆಸರನ್ನು ತಾನೇ ಮುಚ್ಚಿಟ್ಟ. ಅದು ಅವನ ಆಯ್ಕೆ.

ನಮ್ಮ ಈ ತಾಲೂಕುಗಳ ಮನೆಗಳಿಗೆ ಬರೋಣ. ಹನೇಹಳ್ಳಿಯ ಯಶವಂತ ಚಿತ್ತಾಲರು 2014ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2074ರ ಕೊನೆಯವರೆಗೆ ಇರುತ್ತದೆ. ಗೋಕರ್ಣದ ಗೌರೀಶ ಕಾಯ್ಕಿಣಿಯವರದು 2062ರವರೆಗೆ, ಚುಟುಕುಗಳ ದಿನಕರ ದೇಸಾಯಿಯವರದು 2042ರವರೆಗೆ. ಲೇಖಕ ಸತ್ತ ಮೇಲೆ ಅರವತ್ತು ವರ್ಷ ಎಂಬ ಈ ಅವಧಿ 1992ರಲ್ಲಿ ಬಂದದ್ದು, ಟಾಗೋರರ ಹಕ್ಕು ಮುಗಿಯುವ ಹೊತ್ತಿಗೆ. ದೊಡ್ಡ ಹೆಸರುಗಳನ್ನು ಬಿಡಿ. ಹಾಸ್ಯ ಲೇಖನ ಬರೆದ ಶಾಲಾ ಮಾಸ್ತರರು, ಮೇಳಕ್ಕೆ ಹೊಸ ಪ್ರಸಂಗ ಕಟ್ಟಿಕೊಟ್ಟವರು, ಸೀಮೆಯ ಹಾಡುಗಳನ್ನು ಸಂಗ್ರಹಿಸಿ ಅಚ್ಚುಹಾಕಿದ ತಾಯಂದಿರು ನೂರಾರು ಮಂದಿ. ಎಷ್ಟೋ ಪುಸ್ತಕಗಳ ಎರಡನೆಯ ಪುಟದಲ್ಲಿ ‘ಹಕ್ಕುಗಳು: ಲೇಖಕರವು’ ಎಂಬ ಒಂದು ಸಾಲು, ಪ್ರತಿಗಳ ಸಂಖ್ಯೆ, ಬೆಲೆ, ಮುದ್ರಣಾಲಯದ ಹೆಸರು. ಹಿಂದೆ ಕರಾರುಪತ್ರವಿಲ್ಲ. ಎಲ್ಲ ಬಾಯಿಮಾತು, ನಂಬಿಕೆ. ಲೇಖಕ ತೀರಿಕೊಂಡರೆ ಹಕ್ಕು ಯಾರದೆಂದು ಮಕ್ಕಳಿಗೇ ಗೊತ್ತಿರುವುದಿಲ್ಲ.

ಕಾಯಿದೆ ಇಂಥವರ ಕಡೆಗೇ ಇದೆ, ಕೇಳುವವರು ಬೇಕು. ನಮ್ಮ ದೇಶದಲ್ಲಿ ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ ಇಲ್ಲದಿದ್ದರೆ ನಡೆಯುವುದಿಲ್ಲ. ಅವಧಿ ನಮೂದಿಸದಿದ್ದರೆ ಐದು ವರ್ಷಕ್ಕೆ ಮುಗಿಯುತ್ತದೆ. 2012ರ ತಿದ್ದುಪಡಿ ಇನ್ನೂ ಒಂದು ಮಾತು ಸೇರಿಸಿತು: ಒಪ್ಪಂದದ ಕಾಲಕ್ಕೆ ಇಲ್ಲದಿದ್ದ ಮಾಧ್ಯಮಕ್ಕೆ, ಬಳಕೆಯ ವಿಧಾನಕ್ಕೆ, ಹೆಸರಿಸಿ ಬರೆದಿಲ್ಲದಿದ್ದರೆ ಆ ಒಪ್ಪಂದ ಅನ್ವಯಿಸದು. ನಾನು ಓದಿಕೊಂಡಂತೆ, ಹತ್ತು ವರ್ಷದ ಹಿಂದೆ ಪ್ರಕಾಶಕರಿಗೆ ಪುಸ್ತಕ ಕೊಟ್ಟ ಲೇಖಕ ಯಂತ್ರಕ್ಕೆ ಕಲಿಸುವ ಹಕ್ಕನ್ನು ಕೊಟ್ಟಿಲ್ಲ.

ಪರವಾನಗಿಯ ಹಣ ಇಂದಲ್ಲ ನಾಳೆ ಈ ದೇಶದಲ್ಲೂ ಹಂಚಿಕೆಯಾಗುತ್ತದೆ, ಆಗ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಬರೆಯುವ ಪ್ರತಿಯೊಬ್ಬರಲ್ಲೂ ನನ್ನ ಕೋರಿಕೆ ಇದು: ಪ್ರಕಾಶಕರು ಎಷ್ಟೇ ಆಪ್ತರಿರಲಿ, ಒಂದು ಹಾಳೆಯ ಕರಾರು ಮಾಡಿಕೊಳ್ಳಿ, ಅದರಲ್ಲಿ ಯಂತ್ರದ ವಿಷಯ ಹೆಸರಿಸಿ ಬರೆಯಿರಿ. ಐಎಸ್‌ಬಿಎನ್ ತೆಗೆದುಕೊಳ್ಳಿ, ಭಾರತದಲ್ಲಿ ಅದಕ್ಕೆ ಶುಲ್ಕವಿಲ್ಲ. ನಿಮ್ಮ ಪುಸ್ತಕಗಳ ಹಕ್ಕು ನಿಮ್ಮ ನಂತರ ಯಾರದು ಎಂಬುದನ್ನು, ತೊಂಬತ್ತೊಂದರ ಪ್ರಾಯದಲ್ಲಿ ಕಾರಂತರು ಬರೆದಿಟ್ಟ ಹಾಗೆ, ಇದೇ ವರ್ಷ ಬರೆದಿಡಿ.